ತಾಯಿ ಎಲ್ಲಿ ಎಂದು ಕೇಳಿದ ಮಗಳು

ಸರ್ ಮಿರ್ಜಾ ಇಸ್ಮಾಯಿಲರ ಹೆಸರನ್ನು ಕೇಳದ ಕನ್ನಡಿಗರು ವಿರಳ. ೧೯೨೬ರಿಂದ ೧೯೪೧ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದು, ಕನ್ನಂಬಾಡಿ ಕಟ್ಟೆಯ ಬದಿಯಲ್ಲಿ ಬೃಂದಾವನವನ್ನು ಅರಳಿಸಿದ ಆ ಮಹನೀಯರ ಮೊಮ್ಮಗಳೊಬ್ಬರು ಬೆಂಗಳೂರಿನ ರಿಚ್ಮಂಡ್ ರಸ್ತೆಯ ತಮ್ಮ ಬಂಗಲೆಯಲ್ಲಿಯೇ ಕೊಲೆಯಾದರು. ಅದೇ ಬಂಗಲೆಯ ಅಂಗಳದಲ್ಲಿ ಅವರ ದೇಹವು ಮೂರು ವರ್ಷಗಳ ಕಾಲ ಯಾರಿಗೂ ತಿಳಿಯದಂತೆ ಹೂತುಕೊಂಡಿತ್ತು. ಆಕೆಯ ಹೆಸರು ಶಾಕೆರೆ ಖಲೀಲಿ. ಈ ಸುದ್ದಿಯನ್ನು ೧೯೯೪ರ ಬೇಸಗೆಯಲ್ಲಿ ಪತ್ರಿಕೆಗಳಲ್ಲಿ ಓದಿ ಬೆಚ್ಚಿಬಿದ್ದವರು ನಮ್ಮ ಹಿರಿಯ ಸದಸ್ಯರಲ್ಲಿ ಅನೇಕರಿದ್ದಾರು.

ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳ ಬಗ್ಗೆ ವೈದ್ಯ ಮಹಾಶಯರು ಬರೆಯುವ ಸ್ಮರಣ ಸಂಚಿಕೆಯಲ್ಲಿ ಕೊಲೆಯ ಕಥೆಗೇನು ಕೆಲಸ ಎಂದು ವಾಚಕರು ಹುಬ್ಬೇರಿಸಬಹುದು. ಕೊಲೆಯ ಕಥೆಯನ್ನು ಹೇಳುವುದು ನನ್ನ ಉದ್ದೇಶವಲ್ಲ; ಅದನ್ನು ಹೇಳಲು ಬೇರೆಯವರಿದ್ದಾರೆ, ರಸವತ್ತಾಗಿ ಹೇಳಿಯೂ ಇದ್ದಾರೆ. ನನ್ನ ಲಕ್ಷ್ಯವಿರುವುದು ಆ ಕೊಲೆಯನ್ನು ಬೆಳಕಿಗೆ ತಂದ ಪ್ರಶ್ನೆಯ ಮೇಲೆ ಮತ್ತು ಆ ಪ್ರಶ್ನೆಯನ್ನು ಕೇಳಿದ ಮಗಳ ಮೇಲೆ. ಆಕೆ ಆಗ ನಮ್ಮ ಈ ನಗರದಲ್ಲಿ, ಆಗಿನ ಬೊಂಬಾಯಿಯಲ್ಲಿ, ಉದ್ಯೋಗ ಅರಸಿ ಬಂದು ನೆಲೆಸಿದ್ದ ತರುಣಿ. ತಾಯಿ ದೂರದ ಊರಿನಲ್ಲಿ, ಮಗಳು ಮುಂಬಯಿಯಲ್ಲಿ, ನಡುವೆ ಒಂದು ಟೆಲಿಫೋನು. ಈ ಸ್ಥಿತಿ ನಮ್ಮಲ್ಲಿ ಯಾರ ಮನೆಯದು ಅಲ್ಲ?

ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಶಾಕೆರೆಯವರ ಮೊದಲ ಪತಿ ಭಾರತೀಯ ವಿದೇಶಾಂಗ ಸೇವೆಯ ಉನ್ನತ ಅಧಿಕಾರಿ. ಅವರಿಗೆ ನಾಲ್ವರು ಹೆಣ್ಣುಮಕ್ಕಳು. ಆ ವಿವಾಹ ಮುರಿದ ಬಳಿಕ, ೧೯೮೬ರಲ್ಲಿ, ಸ್ವಾಮಿ ಶ್ರದ್ಧಾನಂದನೆಂದು ತನ್ನನ್ನು ಕರೆದುಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ಆಕೆ ಮದುವೆಯಾದರು. (ಮಾಟುಂಗಾದ ಶ್ರದ್ಧಾನಂದ ಮಹಿಳಾಶ್ರಮಕ್ಕೆ ಹೆಸರು ಬಂದದ್ದು ಆರ್ಯಸಮಾಜದ ಹಿರಿಯರಾದ ಸ್ವಾಮಿ ಶ್ರದ್ಧಾನಂದರಿಂದ. ಅನಾಥ ಸ್ತ್ರೀಯರಿಗೆ ನೆರಳಾದ ಆ ಹೆಸರನ್ನೇ ಈತನೂ ಹೊತ್ತದ್ದು ವಿಧಿಯ ವ್ಯಂಗ್ಯವೆನ್ನಬೇಕು.) ಆಸ್ತಿಯ ತೊಡಕುಗಳನ್ನು ಬಿಡಿಸಿಕೊಡುವೆನೆಂದು ಬಂದವನು ಆಸ್ತಿಯ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡ. ಮುಖತ್ಯಾರ ಪತ್ರ, ಎಂದರೆ ಜನರಲ್ ಪವರ್ ಆಫ್ ಅಟಾರ್ನಿ, ಅವನ ಹೆಸರಿಗಾಯಿತು. ಬ್ಯಾಂಕುಗಳಲ್ಲಿ ಜಂಟಿ ಖಾತೆಗಳೂ ಲಾಕರುಗಳೂ ಆದವು. ಈ ಮದುವೆಯಿಂದ ಬಂಧುಬಳಗದಲ್ಲಿ ಬಿರುಕುಂಟಾಯಿತು. ಆದರೂ ಎರಡನೆಯ ಮಗಳಾದ ಸಬಾ ಅವರು ತಾಯಿಯ ಸಂಪರ್ಕವನ್ನು ಬಿಡಲಿಲ್ಲ. ಬೊಂಬಾಯಿಯಿಂದ ಫೋನು ಮಾಡುತ್ತಿದ್ದರು, ಆಗಾಗ ಬೆಂಗಳೂರಿಗೆ ಹೋಗಿಬರುತ್ತಿದ್ದರು.

೧೯೯೧ರ ಮೇ ತಿಂಗಳ ಕೊನೆಯ ನಂತರ ತಾಯಿಯನ್ನು ಕಂಡವರಿಲ್ಲ. ಮಗಳು ಫೋನು ಮಾಡಿದಾಗಲೆಲ್ಲ ಆ ಕಡೆಯಿಂದ ಒಂದೊಂದು ಉತ್ತರ: ಆಕೆ ಪರವೂರಿಗೆ ಹೋಗಿದ್ದಾಳೆ, ಆದಾಯ ತೆರಿಗೆಯ ಗೊಡವೆಯಿಂದಾಗಿ ಸ್ವಲ್ಪ ಕಾಲ ಮರೆಯಲ್ಲಿದ್ದಾಳೆ, ಕೊನೆಗೆ, ಗರ್ಭಿಣಿಯಾದ್ದರಿಂದ ಹೆರಿಗೆಗಾಗಿ ಅಮೆರಿಕದ ಆಸ್ಪತ್ರೆಯೊಂದರಲ್ಲಿದ್ದಾಳೆ. ಸಬಾ ಅವರು ಈ ಉತ್ತರಗಳನ್ನು ಕೇಳಿ ಸುಮ್ಮನಾಗಲಿಲ್ಲ. ಆ ಆಸ್ಪತ್ರೆಯನ್ನೇ ವಿಚಾರಿಸಿದರು. ಅಂಥ ಹೆಸರಿನ ರೋಗಿಯೇ ಅಲ್ಲಿ ಇರಲಿಲ್ಲ. ಪರದೇಶಕ್ಕೆ ಹೋದಳೆನ್ನಲಾದ ತಾಯಿಯ ಪಾಸ್‌ಪೋರ್ಟು ಸ್ವದೇಶದಲ್ಲಿಯೇ ಅವರ ಕಣ್ಣಿಗೆ ಬಿದ್ದಿತು. ೧೯೯೨ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಅಶೋಕನಗರ ಪೊಲೀಸ್ ಠಾಣೆಯಲ್ಲಿ ತಾಯಿ ಕಾಣೆಯಾಗಿದ್ದಾರೆಂದು ದೂರು ಕೊಟ್ಟರು.

ದೂರು ಕೊಟ್ಟ ಮೇಲೆ ಕಳೆದದ್ದು ಸುಮಾರು ಇಪ್ಪತ್ತೆರಡು ತಿಂಗಳು. ೧೯೯೪ರ ಮಾರ್ಚಿನಲ್ಲಿ ತನಿಖೆಯು ನಗರದ ಕೇಂದ್ರ ಅಪರಾಧ ವಿಭಾಗಕ್ಕೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಬಂಧನವಾಯಿತು. ಅವನು ತೋರಿಸಿದ ಜಾಗವನ್ನು ಅಗೆದಾಗ ಮರದ ಪೆಟ್ಟಿಗೆ ಸಿಕ್ಕಿತು, ಪೆಟ್ಟಿಗೆಯೊಳಗೆ ಅಸ್ಥಿಪಂಜರ. ಅಷ್ಟು ವರ್ಷವೂ ಅವನು ಆ ಮನೆಯನ್ನು ತನ್ನದಾಗಿಸಿಕೊಂಡೇ ಇದ್ದ.

ಈ ಪ್ರಕರಣವನ್ನು ಓದಿದವರು ಸಾಮಾನ್ಯವಾಗಿ ಆ ಪೆಟ್ಟಿಗೆಯ ಕ್ರೌರ್ಯದಲ್ಲಿಯೇ ನಿಂತುಬಿಡುತ್ತಾರೆ. ನನಗಾದರೋ, ವೃತ್ತಿಧರ್ಮವೆನ್ನಿ, ಮುಖತ್ಯಾರ ಪತ್ರವೇ ಹೆಚ್ಚು ಭಯಂಕರವಾಗಿ ತೋರುತ್ತದೆ. ವಾಣಿಜ್ಯ ಪದವಿಯ ತರಗತಿಯಲ್ಲಿ ನಾವೆಲ್ಲ ಓದಿ ಮರೆಯುವ ೧೮೭೨ರ ಕರಾರು ಕಾಯಿದೆಯ ೨೦೧ನೆಯ ಕಲಮನ್ನು ಇಲ್ಲಿ ನೆನೆಯಬೇಕು. ಅಧಿಕಾರ ಕೊಟ್ಟವರು ಸತ್ತೊಡನೆ, ಪಡೆದವನ ಅಧಿಕಾರವೂ ಸತ್ತುಹೋಗುತ್ತದೆ ಎಂದು ಅದು ಹೇಳುತ್ತದೆ. ಸರಿ. ಆದರೆ ಮುಂದಿನ ೨೦೮ನೆಯ ಕಲಮನ್ನೂ ಓದಿರಿ: ಮೂರನೆಯವರ ಮಟ್ಟಿಗೆ ಆ ಅಧಿಕಾರ ಮುಗಿಯುವುದು ಅವರಿಗೆ ಸಂಗತಿ ತಿಳಿದಾಗ. ಸಾವು ಗೊತ್ತಿಲ್ಲದ ಬ್ಯಾಂಕು ಸದ್ಭಾವನೆಯಿಂದ ಹಣ ಕೊಟ್ಟರೆ ಬ್ಯಾಂಕಿನದು ತಪ್ಪಲ್ಲ. ವ್ಯವಹಾರ ನಡೆಯಬೇಕಾದರೆ ಇಂಥ ರಕ್ಷಣೆ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಹೊರಡುವ ಅರ್ಥವೇನು? ಉಯಿಲನ್ನು ಹಿಡಿದವನಿಗೆ ಮರಣಪತ್ರ ಬೇಕು. ಸಾವನ್ನು ಸಾರಿದರೆ ಮಾತ್ರ ಅವನಿಗೆ ಲಾಭ. ಮುಖತ್ಯಾರ ಪತ್ರವನ್ನು ಹಿಡಿದವನಿಗೆ ಸಾವನ್ನು ಬಚ್ಚಿಟ್ಟರೆ ಲಾಭ. ಆಕೆ ಕಾಗದದ ಮೇಲೆ ಎಷ್ಟು ದಿನ ಬದುಕಿರುತ್ತಾಳೋ ಅಷ್ಟು ದಿನ ಅವನ ರುಜುವಿಗೆ ಬೆಲೆ. ಲಾಕರು ತೆರೆಯುತ್ತದೆ, ಖಾತೆಯಿಂದ ಹಣ ಬರುತ್ತದೆ, ಜಮೀನು ಮಾರಾಟವಾಗುತ್ತದೆ. ಈ ಪ್ರಕರಣದಲ್ಲಿ ಆದದ್ದೂ ಅದೇ ಎಂದು ನ್ಯಾಯಾಲಯದ ದಾಖಲೆಗಳು ಹೇಳುತ್ತವೆ.

ನಾವು ಬ್ಯಾಂಕಿನವರು ಪ್ರತಿ ನವೆಂಬರ್ ತಿಂಗಳಲ್ಲಿ ನಿವೃತ್ತಿ ವೇತನದಾರರಿಂದ ಜೀವಿತ ಪ್ರಮಾಣಪತ್ರವನ್ನು ಕೇಳುತ್ತೇವೆ. ಎಂಬತ್ತು ದಾಟಿದ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಶಾಖೆಯ ಮೆಟ್ಟಿಲೇರಿ ಬಂದು, "ಇಗೋ ನೋಡಪ್ಪಾ, ಇನ್ನೂ ಇದ್ದೇನೆ" ಎಂದು ನಗುತ್ತಾರೆ. ಬರಲಾಗದವರ ಮನೆಗೆ ನಾವೇ ಹೋಗುತ್ತೇವೆ. ೨೦೧೪ರಿಂದೀಚೆಗೆ ಬೆರಳಚ್ಚಿನಿಂದಲೂ ಈ ಪ್ರಮಾಣವನ್ನು ಕೊಡಬಹುದಾಗಿದೆ. ಕೆಲವು ಸಾವಿರ ರೂಪಾಯಿಗಳ ಪಿಂಚಣಿಗೆ ಸರ್ಕಾರವು ಇಷ್ಟು ಎಚ್ಚರ ವಹಿಸುತ್ತದೆ. ಆದರೆ ಕೋಟಿಗಟ್ಟಲೆ ಬೆಲೆಯ ಆಸ್ತಿಯನ್ನು ಇನ್ನೊಬ್ಬರ ಹೆಸರಿನಲ್ಲಿ ಮಾರುವವನನ್ನು, "ಆಕೆ ಬದುಕಿದ್ದಾಳೆಯೇ? ಒಮ್ಮೆ ಕರೆತನ್ನಿ" ಎಂದು ಕೇಳುವ ಕಡ್ಡಾಯ ಪದ್ಧತಿ ವರ್ಷಕ್ಕೊಮ್ಮೆಯಾದರೂ ಏಕಿರಬಾರದು? ಹಳೆಯ ಮುಖತ್ಯಾರ ಪತ್ರವನ್ನು ಹಿಡಿದು ಬರುವ ಪ್ರತಿಯೊಬ್ಬನನ್ನೂ ಕೊಲೆಗಾರನೆಂದು ಕಾಣಬೇಕೆಂದು ನಾನು ಹೇಳುತ್ತಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಪ್ರಾಮಾಣಿಕರೇ. ಪಿಂಚಣಿ ಪಡೆಯುವ ಅಜ್ಜಿಯರೂ ಪ್ರಾಮಾಣಿಕರೇ ಅಲ್ಲವೇ? ಅವರನ್ನು ಕೇಳುತ್ತೇವಲ್ಲ!

ಕಾಗದಗಳೆಲ್ಲ ಆಕೆ ಇದ್ದಾಳೆ ಎಂದವು. ಆಕೆ ಎಲ್ಲಿದ್ದಾಳೆ ಎಂದು ಬಿಡದೆ ಕೇಳಿದ್ದು ಮಗಳು. ಆಕೆಯ ಬಳಿ ಅಧಿಕಾರವಿರಲಿಲ್ಲ, ಪುರಾವೆಯೂ ಇರಲಿಲ್ಲ. ಇನ್ನೊಂದು ತೊಡಕೂ ಇತ್ತು: ಪ್ರಾಪ್ತ ವಯಸ್ಸಿನ ಹೆಂಗಸು ತನ್ನ ಇಚ್ಛೆಯಿಂದ ಮರುಮದುವೆಯಾಗಿ, ತನ್ನ ಇಚ್ಛೆಯಿಂದಲೇ ಎಲ್ಲಿಗೋ ಹೋಗಿದ್ದಾಳೆ, ಗಂಡನೇ ಚಿಂತಿಸುತ್ತಿಲ್ಲ, ಮಗಳಿಗೇಕೆ ಚಿಂತೆ ಎಂದು ಲೋಕ ಸುಲಭವಾಗಿ ಹೇಳಬಹುದಾಗಿತ್ತು. ನಮ್ಮ ಸಮಾಜದಲ್ಲಿ ಈ ಮಾತಿಗೆ ಬಹಳ ಬಲವಿದೆ. ಮನೆಯವರ ಮಾತು ಮೀರಿ ಮದುವೆಯಾದವಳು, ಜಾತಿ ಬಿಟ್ಟವಳು, ಗಂಡನನ್ನು ಬಿಟ್ಟವಳು, ಇವರ ವಿಷಯದಲ್ಲಿ "ನಮ್ಮ ಪಾಲಿಗೆ ಆಕೆ ಇಲ್ಲ" ಎಂದು ಹೇಳುವ ದೊಡ್ಡಸ್ತಿಕೆ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಹಾಗೆ ಹೇಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಬಂಧುಗಳು ಬರುವುದು ನಿಂತ ಮನೆಯ ಸುತ್ತ ಕೊಲೆಗಾರನು ಬೇರೆ ಗೋಡೆಯನ್ನು ಕಟ್ಟಬೇಕಾಗಿಲ್ಲ; ಮುನಿಸೇ ಅವನಿಗೆ ಗೋಡೆಯಾಗುತ್ತದೆ. ಸಬಾ ಅವರು ತಾಯಿಯ ಮದುವೆಯನ್ನು ಒಪ್ಪಿದ್ದರೋ ಇಲ್ಲವೋ ಅದು ಅವರ ಮನೆಯ ಮಾತು. ಸಂಪರ್ಕವನ್ನು ಕಡಿದುಕೊಳ್ಳಲಿಲ್ಲ ಎಂಬುದೇ ಮುಖ್ಯ. ಫೋನು ಮಾಡುವ ರೂಢಿ ಇದ್ದುದರಿಂದಲೇ ಫೋನಿಗೆ ತಾಯಿ ಬಾರದೆ ಹೋದದ್ದು ಅರಿವಿಗೆ ಬಂದಿತು.

ವೈದ್ಯ ವಿಷಯಗಳ ಸಂಚಿಕೆಯಾದ್ದರಿಂದ ಇಲ್ಲಿ ಒಂದು ಮಾತು. ಅಸ್ಥಿಪಂಜರವು ಶಾಕೆರೆಯವರದೇ ಎಂದು ಸ್ಥಾಪಿಸಲು ಎರಡು ವೈಜ್ಞಾನಿಕ ವಿಧಾನಗಳನ್ನು ಬಳಸಲಾಯಿತು. ತಲೆಬುರುಡೆಯ ಛಾಯಾಚಿತ್ರವನ್ನು ಆಕೆ ಬದುಕಿದ್ದಾಗಿನ ಭಾವಚಿತ್ರದ ಮೇಲೆ ಹೊಂದಿಸಿ ನೋಡುವುದು ಒಂದು, ಡಿ.ಎನ್.ಎ. ಪರೀಕ್ಷೆ ಇನ್ನೊಂದು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರೀಸ್ ಎಂಬವರು ೧೯೮೪ರಲ್ಲಿ ಕಂಡುಹಿಡಿದ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು ಬೆಳೆಸಿದರು. ೧೯೯೪ರಲ್ಲಿ ಅದು ನಮ್ಮ ನ್ಯಾಯಾಲಯಗಳಿಗೆ ಇನ್ನೂ ಹೊಸದು. ಪ್ರತಿಯೊಬ್ಬರ ಡಿ.ಎನ್.ಎ.ಯಲ್ಲಿ ಅರ್ಧ ಭಾಗ ತಾಯಿಯಿಂದ ಬಂದದ್ದು. ರಕ್ತಸಂಬಂಧ ಎಂಬ ನಮ್ಮ ಹಳೆಯ ಮಾತು ಹೀಗೆ ಸಾಕ್ಷಿಕಟ್ಟೆಯನ್ನೂ ಏರಿತು. ಆದರೆ ಅಗೆಯುವ ಮೊದಲು, ಇಲ್ಲಿ ಅಗೆಯಬೇಕಾದೀತು ಎಂಬ ಸಂಶಯ ಯಾರಿಗಾದರೂ ಬರಬೇಕಷ್ಟೆ. ಆ ಸಂಶಯವನ್ನು ಯಾವ ಪ್ರಯೋಗಾಲಯವೂ ಹುಟ್ಟಿಸಲಾರದು.

ಮುಂದಿನದು ನ್ಯಾಯಾಲಯದ ದಾರಿ, ದೀರ್ಘವಾದ ದಾರಿ. ೧೯೯೪ರಲ್ಲಿ ಬಂಧನವಾದರೂ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯದಿಂದ ಮರಣದಂಡನೆಯ ತೀರ್ಪು ಬಂದದ್ದು ೨೦೦೫ರ ಮೇ ತಿಂಗಳಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ೨೦೦೭ರಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಅಪರಾಧವನ್ನು ಒಪ್ಪಿ, ಶಿಕ್ಷೆಯ ವಿಷಯದಲ್ಲಿ ಭಿನ್ನರಾದರು: ನ್ಯಾ. ಎಸ್.ಬಿ. ಸಿನ್ಹಾ ಅವರು ಜೀವಾವಧಿ ಸಾಕೆಂದರು, ನ್ಯಾ. ಮಾರ್ಕಂಡೇಯ ಕಾಟ್ಜು ಅವರು ಗಲ್ಲೇ ತಕ್ಕದ್ದೆಂದರು. ಆಗ ಪ್ರಕರಣವು ಮೂವರ ಪೀಠಕ್ಕೆ ಹೋಗಿ, ೨೦೦೮ರ ಜುಲೈ ೨೨ರಂದು ನ್ಯಾ. ಆಫ್ತಾಬ್ ಆಲಂ ಅವರು ಬರೆದ ತೀರ್ಪು ಹೊರಬಂದಿತು: ಗಲ್ಲು ಬೇಡ, ಆದರೆ ಶಿಕ್ಷೆಯಲ್ಲಿ ಯಾವ ಮಾಫಿಯೂ ಇಲ್ಲದೆ ಕೊನೆಯುಸಿರಿನವರೆಗೆ ಸೆರೆವಾಸ. ಜೀವಾವಧಿಯೆಂದರೆ ಹದಿನಾಲ್ಕು ವರ್ಷ ಎಂದು ಜನ ಎಣಿಸುತ್ತಿದ್ದ ಕಾಲದಲ್ಲಿ ಗಲ್ಲಿಗೂ ಅದಕ್ಕೂ ನಡುವೆ ಹೀಗೊಂದು ಶಿಕ್ಷೆಗೆ ದಾರಿಮಾಡಿದ ತೀರ್ಪು ಇದು. ೨೦೧೫ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಬಹುಮತದಿಂದ ಅದನ್ನು ಒಪ್ಪಿತು. ತಾಯಿ ಕಾಣೆಯಾದ ದಿನದಿಂದ ಅಂತಿಮ ತೀರ್ಪಿನವರೆಗೆ ಹದಿನೇಳು ವರ್ಷ. ಅಷ್ಟರಲ್ಲಿ ನಮ್ಮ ನಗರವು ಬೊಂಬಾಯಿ ಹೋಗಿ ಮುಂಬಯಿಯಾಗಿತ್ತು.

ಗಲ್ಲಾಗಲಿಲ್ಲವೆಂದು ಕೊರಗುವವರಿದ್ದಾರೆ. ನಾನು ಆ ಗುಂಪಿನವನಲ್ಲ. ನನಗೆ ಕೊರಗು ಇರುವುದು ಆ ಇಪ್ಪತ್ತೆರಡು ತಿಂಗಳ ಬಗ್ಗೆ ಮತ್ತು ವಿಚಾರಣೆಯ ಹನ್ನೊಂದು ವರ್ಷಗಳ ಬಗ್ಗೆ. ತಾಯಿ ಸತ್ತಳೆಂದು ತಿಳಿದರೆ ಅಳಬಹುದು. ಇದ್ದಾಳೆಂದು ತಿಳಿದರೆ ಜಗಳವಾಡಬಹುದು. ಎರಡೂ ತಿಳಿಯದವರಿಗೆ ಊಟ ರುಚಿಸದು, ನಿದ್ರೆ ಹತ್ತದು, ಬಾಗಿಲ ಗಂಟೆ ಬಾರಿಸಿದರೆ ಎದೆ ಹಾರುವುದು. ಇದೂ ಒಂದು ರೋಗವೇ ಎಂದು ಈ ಸಂಚಿಕೆಯ ವೈದ್ಯರು ಒಪ್ಪಿಯಾರು. ಇದಕ್ಕೆ ಔಷಧಿ ಪೊಲೀಸ್ ಠಾಣೆಯಲ್ಲಿದೆ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪರೇಲಿನ ಉದಾಹರಣೆಯನ್ನು ಮುಂಬಯಿ ಕನ್ನಡಿಗರು ಮರೆಯಲಾರರು. ಉತ್ತರ ಕನ್ನಡದ ಹಳದೀಪುರದಿಂದ ದಾದಿಯಾಗಿ ಕೆ.ಇ.ಎಂ. ಆಸ್ಪತ್ರೆಗೆ ಬಂದ ಅರುಣಾ ಶಾನಭಾಗ ಅವರ ಮೇಲೆ ೧೯೭೩ರ ನವೆಂಬರ್ ೨೭ರಂದು ಆಸ್ಪತ್ರೆಯಲ್ಲಿಯೇ ಹಲ್ಲೆಯಾಯಿತು. ಅಪರಾಧಿಗೆ ಶಿಕ್ಷೆಯಾದದ್ದು ಕೊಲೆಯತ್ನಕ್ಕೂ ದರೋಡೆಗೂ ಮಾತ್ರ. ಆಕೆಯ ಮಾನದ ಮೇಲೆ ನಡೆದ ಆಕ್ರಮಣವು ಆರೋಪಪಟ್ಟಿಯಲ್ಲಿ ಬರಲೇ ಇಲ್ಲ. ಅವನು ಏಳು ವರ್ಷ ಸೆರೆಯಲ್ಲಿದ್ದು ಹೊರಬಂದ. ಆಕೆ ೨೦೧೫ರ ಮೇ ೧೮ರವರೆಗೆ, ನಲವತ್ತೊಂದು ವರ್ಷಕ್ಕೂ ಮೇಲ್ಪಟ್ಟು, ಅರಿವಿಲ್ಲದೆ ಹಾಸಿಗೆಯಲ್ಲಿದ್ದರು. ಅಷ್ಟು ಕಾಲ ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ನೋಡಿಕೊಂಡ ಆ ಆಸ್ಪತ್ರೆಯ ದಾದಿಯರಿಗೆ ಕೈಮುಗಿಯಬೇಕು. ರಕ್ತಸಂಬಂಧವಿಲ್ಲದೆಯೂ ಅವರು ಅಕ್ಕತಂಗಿಯರಾದರು. ಆದರೆ ನ್ಯಾಯಾಲಯದಲ್ಲಿ ನಿಂತು, "ಈ ಆರೋಪ ಏಕಿಲ್ಲ?" ಎಂದು ಕೇಳುವ ಹಕ್ಕನ್ನು ಆ ಕಾಲದ ಕಾನೂನು ನೊಂದವರ ಕಡೆಯವರಿಗೆ ಸರಿಯಾಗಿ ಕೊಟ್ಟಿರಲಿಲ್ಲ. ಮೊಕದ್ದಮೆಯೆಂದರೆ ಸರ್ಕಾರಕ್ಕೂ ಆರೋಪಿಗೂ ನಡುವಣ ವ್ಯವಹಾರ; ಮಗಳೋ ಅಕ್ಕನೋ ಬರಿಯ ಸಾಕ್ಷಿ.

ಈಗ ಸ್ಥಿತಿ ಸ್ವಲ್ಪ ಸುಧಾರಿಸಿದೆ. ನಮ್ಮ ಜನ ಇದನ್ನು ತಿಳಿದಿರುವುದು ಅಗತ್ಯವಾದ್ದರಿಂದ ವಾಚಕರ ತಾಳ್ಮೆಯನ್ನು ಇನ್ನೊಂದಿಷ್ಟು ಬೇಡುತ್ತೇನೆ. ೨೦೦೯ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ನೊಂದವರು ಎಂಬ ಪದಕ್ಕೆ ಕಾನೂನಿನಲ್ಲಿ ಸ್ಥಾನ ದೊರೆಯಿತು. ಸತ್ತವರ ವಾರಸುದಾರರೂ ಅದರಲ್ಲಿ ಸೇರುತ್ತಾರೆ. ಆರೋಪಿಯು ಖುಲಾಸೆಯಾದರೆ ತಾಯಿಯನ್ನು ಕಳೆದುಕೊಂಡ ಮಗಳು ಸರ್ಕಾರದ ದಾರಿ ಕಾಯದೆ ತಾನೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಮೊದಲು ನ್ಯಾಯಾಲಯದ ವಿಶೇಷ ಅನುಮತಿಯೂ ಬೇಕಿಲ್ಲವೆಂದು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ೨೦೧೮ರಲ್ಲಿ ಬಹುಮತದಿಂದ ಹೇಳಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ತನಿಖೆ ಎಲ್ಲಿಗೆ ಬಂದಿದೆ ಎಂದು ತೊಂಬತ್ತು ದಿನಗಳೊಳಗೆ ಫಿರ್ಯಾದುದಾರರಿಗೋ ನೊಂದವರಿಗೋ ತಿಳಿಸುವುದು ಪೊಲೀಸರ ಕರ್ತವ್ಯ. ಕೊಲೆಯಂಥ ಅಪರಾಧದ ಸುಳಿವಿದ್ದರೆ, ಅದು ಬೆಂಗಳೂರಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ಮುಲುಂಡಿನ ಅಥವಾ ಡೊಂಬಿವಲಿಯ ಠಾಣೆಯಲ್ಲಿ ದಾಖಲಿಸಿಕೊಂಡು ಅಲ್ಲಿಗೆ ಕಳಿಸಬೇಕು. "ನಮ್ಮ ಹದ್ದಲ್ಲ" ಎಂದು ಹಿಂದಕ್ಕೆ ಅಟ್ಟುವಂತಿಲ್ಲ. ೧೯೯೨ರಲ್ಲಿ ಇಂಥದೊಂದು ಕಲಮು ಇದ್ದಿದ್ದರೆ ಆ ಇಪ್ಪತ್ತೆರಡು ತಿಂಗಳು ಎಷ್ಟಕ್ಕೆ ಇಳಿಯುತ್ತಿತ್ತೋ!

ಆದರೂ ಒಂದು ಕೊರತೆ ಉಳಿದಿದೆ. ಪ್ರಾಪ್ತ ವಯಸ್ಕರು ಕಾಣೆಯಾದರೆಂಬ ದೂರು ಮೊದಲು ನಾಪತ್ತೆಯವರ ದಾಖಲೆಯಲ್ಲಿ ಸೇರುತ್ತದೆ. ಅಪರಾಧದ ಸುಳಿವು ಕಾಣುವವರೆಗೆ ಅದು ಅಪರಾಧದ ತನಿಖೆಯಾಗುವುದಿಲ್ಲ. ಸುಳಿವು ಬೇಕಾದರೆ ಹುಡುಕಬೇಕು, ಹುಡುಕಬೇಕಾದರೆ ಸುಳಿವು ಬೇಕು. ಈ ಸುತ್ತಿನಿಂದ ಪಾರಾಗುವುದಕ್ಕೆ ನನ್ನ ಸೂಚನೆ ಒಂದುಂಟು, ಬ್ಯಾಂಕಿನವನ ಸೂಚನೆ: ಕಾಣೆಯಾದವರ ಹೆಸರಿನಲ್ಲಿ ಆಸ್ತಿಯೋ ಖಾತೆಯೋ ಇದ್ದು, ಅದನ್ನು ಇನ್ನೊಬ್ಬರು ನಡೆಸುತ್ತಿದ್ದರೆ, ಅದನ್ನೇ ಮೊದಲ ಸುಳಿವೆಂದು ಪರಿಗಣಿಸಬೇಕು. ಅಂಥ ದೂರಿನ ಪ್ರತಿಯು ಠಾಣೆಯಿಂದ ಬ್ಯಾಂಕಿಗೂ ಉಪನೋಂದಣಾಧಿಕಾರಿಗಳ ಕಚೇರಿಗೂ ಹೋಗಬೇಕು. ಹೋದರೆ, ಮೂರನೆಯವರಿಗೆ ಸಂಗತಿ ತಿಳಿದಂತಾಯಿತು. "ನಮಗೆ ಗೊತ್ತಿರಲಿಲ್ಲ" ಎಂಬ ರಕ್ಷೆ ಅಲ್ಲಿಂದ ಮುಂದೆ ಯಾರಿಗೂ ಸಲ್ಲದು.

ಇನ್ನು ನಮ್ಮ ನಮ್ಮ ಮನೆಗಳ ಮಾತು. ಊರಿನ ತೋಟ, ಹಳೆಯ ಮನೆ, ಅಮ್ಮನ ಪಾಲಿನ ಗದ್ದೆ ಇವುಗಳ ವ್ಯವಹಾರಕ್ಕೆಂದು ಊರಿನಲ್ಲಿರುವ ಯಾರಿಗಾದರೂ ಮುಖತ್ಯಾರ ಪತ್ರ ಬರೆದುಕೊಟ್ಟ ತಾಯಂದಿರು ನಮ್ಮ ಸದಸ್ಯರ ಕುಟುಂಬಗಳಲ್ಲಿ ಕಡಿಮೆಯಿಲ್ಲ. ಆ ಪತ್ರದಲ್ಲಿ ಸಮಸ್ತ ಅಧಿಕಾರವನ್ನೂ ಬರೆಯಬೇಕಾಗಿಲ್ಲ. ಇಂಥ ಕೆಲಸಕ್ಕೆ, ಇಷ್ಟು ಕಾಲಕ್ಕೆ ಎಂದು ಮಿತಿಗೊಳಿಸಿ ಬರೆಯಬಹುದು. ಬೇಡವೆನಿಸಿದಾಗ ರದ್ದುಪಡಿಸಿ, ರದ್ದುಪಡಿಸಿದ್ದನ್ನು ಬ್ಯಾಂಕಿಗೂ ನೋಂದಣಿ ಕಚೇರಿಗೂ ಲಿಖಿತವಾಗಿ ತಿಳಿಸಬಹುದು. ಲಾಕರಿನ ಎರಡನೆಯ ಹೆಸರು ಯಾರದೆಂದು ಮಕ್ಕಳಿಗೆ ತಿಳಿದಿರಲಿ. ಮುಖ್ಯವಾಗಿ, ಫೋನು ಮಾಡಿದಾಗ "ಅಮ್ಮ ಮಲಗಿದ್ದಾರೆ" ಎಂಬ ಉತ್ತರ ಎರಡನೆಯ ಬಾರಿ ಬಂದರೆ, "ಎಬ್ಬಿಸಿ, ನಾನು ಕಾಯುತ್ತೇನೆ" ಎನ್ನಿ.